ಸಾರಿಕಾ ಕತ್ತರಿಸಿದ ದಾರ

ಸಾರಿಕಾಳ ಹೆಸರು ನಾನು ಮೊದಲು ಕೇಳಿದ್ದು ಶೇಂಗಾ ಸುಲಿಯುತ್ತ ಕೂತಿದ್ದಾಗ. ಉಮರ್ಗಾದಿಂದ ನಿಲಂಗಾಕ್ಕೆ ಹೋಗುವ ರಸ್ತೆಗೆ ಹಚ್ಚಿ ಒಂದು ಹಳೆಯ ಹತ್ತಿ ಗಿರಣಿ ಇದೆ. ಅದರ ಗೋದಾಮಿನೊಳಗೆ ಗೋಡೆ ಎಬ್ಬಿಸಿ, ಖೋಲಿ ಮಾಡಿ, ಟ್ರಸ್ಟಿನವರು ವೃದ್ಧಾಶ್ರಮ ನಡೆಸುತ್ತಾರೆ. ನಾವು ಹೆಂಗಸರು ಹದಿನಾಲ್ಕು ಜನ, ಗಂಡಸರು ಒಂಬತ್ತು. ನಾನು ಮುರುಮದ ಕಡೆಯವಳು, ರಂಭಾಬಾಯಿ. ನಮಗೆ ಮಕ್ಕಳಾಗಲಿಲ್ಲ. ಯಜಮಾನರು ಮಾಣಿಕಪ್ಪ ತೀರಿಕೊಂಡ ಮೇಲೆ ಹೊಲವನ್ನು ಮೈದುನನ ಮಕ್ಕಳಿಗೆ ಬಿಟ್ಟು, ನನ್ನ ಗಂಟು ನಾನೇ ಹೊತ್ತು ಇಲ್ಲಿಗೆ ಬಂದೆ. ಒಂದೇ ಖೋಲಿಯಲ್ಲಿ ನನ್ನ ಜೊತೆಗಿದ್ದವಳು ಸುಮಿತ್ರಾಬಾಯಿ, ನನಗಿಂತ ಎಂಟು ವರ್ಷ ದೊಡ್ಡವಳು.

ಆ ದಿನ ಅಂಗಳದಲ್ಲಿ ನಾವಿಬ್ಬರೂ ಕೂತಿದ್ದೆವು. ಆಯಾ ಕೆಲಸದ ಮಂಗಲಾ ಇನ್ನೊಂದು ಮೊರ ಶೇಂಗಾ ತಂದು ನಮ್ಮ ಮುಂದೆ ಕುಕ್ಕಿದಳು.

"ಸುಲೀರಿ, ಇವತ್ತೆಷ್ಟ ಸುಲೀತೀರಿ ಸುಲೀರಿ. ನಾಳಿಗಿ ಮ್ಯಾನೇಜರ್ ಬಾಯಿ ಬಂದಳಂದರ ಶೇಂಗಾಕ್ಕೂ ಟೈಮ್ ಟೇಬಲ್ ಹಾಕ್ತಾಳ."

"ಯಾವ ಬಾಯಿ?" ಎಂದೆ.

"ಉದಗೀರಲಿಂದ ಬರ್ಲಾಕತ್ಯಾಳ್ರಿ. ಲಾತೂರದಾಗ ಆರು ತಿಂಗಳ ಟ್ರೇನಿಂಗ್ ಮಾಡ್ಯಾಳಂತ. ಮುದುಕರಿಗಿ ಹ್ಯಾಂಗ ಎಬ್ಬಸಬೇಕು, ಹ್ಯಾಂಗ ಕೂಡಸಬೇಕು, ಹ್ಯಾಂಗ ಉಣಸಬೇಕು, ಎಲ್ಲಾ ಕಲ್ತಾಳಂತ. ನಮಗೂ ಕಲಸ್ತಾಳಂತ."

ಸುಮಿತ್ರಾಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಉಣಸೂದ ಕಲೀಲಾಕ ಲಾತೂರಕ ಹೋಗಬೇಕಾಯ್ತಾ? ಹೊಟ್ಟಿ ಹಸದರ ಬಾಯಿ ತಾನೇ ತೆರೀತದ."

ಆ ಮಾತು ಆಮೇಲೆ ನನಗೆ ಎಷ್ಟು ಸಲ ನೆನಪಾಗಿದೆಯೋ ಲೆಕ್ಕವಿಲ್ಲ.

"ಯಾರ ಪೈಕಿ ಆಕಿ?" ಎಂದು ಸುಮಿತ್ರಾಬಾಯಿಯೇ ಕೇಳಿದಳು.

"ತುರೋರಿ ಶರಣಯ್ಯನವರ ಮಗಳಂತ್ರಿ. ಸಾರಿಕಾ ಅಂತ ಹೆಸರು."

ನಮ್ಮಿಬ್ಬರ ಕೈಯೂ ನಿಂತಿತು. ಶರಣಯ್ಯನವರು ಜಂಗಮರು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಸೋಮವಾರಕ್ಕೊಮ್ಮೆ ನಮ್ಮ ಆಶ್ರಮಕ್ಕೂ ಬರುತ್ತಿದ್ದರು. ಅವರ ಪಾದ ತೊಳೆದ ನೀರನ್ನು ನಾವು ಕಣ್ಣಿಗೊತ್ತಿಕೊಂಡು ಕುಡಿಯುವವರು. ಅವರ ಮನೆಯ ಸಣ್ಣ ಕೂಸು ಎದುರಿಗೆ ಬಂದರೂ ಬಗ್ಗಿ ಶರಣು ಅನ್ನುವವರು.

"ಅಯ್ಯ ಶಿವನೇ," ಎಂದಳು ಸುಮಿತ್ರಾಬಾಯಿ. "ಅಯ್ನೋರ ಮಗಳ ಕೈಲಿ ನಾವು ಕುಂಡಿ ತೊಳಸ್ಕೋಬೇಕಾ? ಯಾವ ಪಾಪ ಮಾಡಿದ್ವಿ ನಾವು?"

ದೀಪಾವಳಿ ಮುಗಿದ ಮೂರನೆಯ ದಿನ ಸಾರಿಕಾ ಬಂದಳು. ವಯಸ್ಸು ಮೂವತ್ತೈದರ ಒಳಗೆ. ಸಪೂರ ಮೈ, ದೊಡ್ಡ ಅಂಗೈ. ನಮ್ಮ ಖೋಲಿಯ ಬಾಗಿಲು ಹಾಡುಹಗಲಲ್ಲಿ ತೆರೆದೇ ಇತ್ತು. ಆದರೂ ಆಕೆ ಹೊರಗೆ ನಿಂತು ಕದ ಬಡಿದಳು.

"ಒಳಗ ಬರ್ಲೇನ್ರಿ ಕಾಕು?"

ನಾನು ಹೌಹಾರಿದೆ. ಈ ಆಶ್ರಮದಲ್ಲಿ ಅಲ್ಲಿಯವರೆಗೆ ನನ್ನನ್ನು ಕೇಳಿ ಒಳಗೆ ಬಂದವರು ಯಾರೂ ಇರಲಿಲ್ಲ. ನಾನು ಎದ್ದು ಅವಳ ಕಾಲಿಗೆ ಕೈ ಚಾಚಿದೆ, ಜಂಗಮರ ಮಗಳಲ್ಲವೇ. ಆಕೆ ನನ್ನ ಕೈ ಹಿಡಿದುಬಿಟ್ಟಳು. "ಬ್ಯಾಡ್ರಿ ಕಾಕು. ಇಲ್ಲಿ ನಾ ಅಯ್ನೋರ ಮಗಳಲ್ಲ, ನೌಕರಿ ಮಾಡಾಕಿ. ನೀವು ಬಗ್ಗಿದರ ಬೀಳ್ತೀರಿ. ಬಿದ್ದರ ನನ್ನ ರಜಿಸ್ಟರದಾಗ ಬರೀಬೇಕಾಗ್ತದ."

ಆಕೆಯ ಕಥೆ ಒಂದೇ ಸಲಕ್ಕೆ ತಿಳಿದದ್ದಲ್ಲ. ತಲೆ ಬಾಚುವಾಗೊಂದಿಷ್ಟು, ಔಷಧ ಕೊಡುವಾಗೊಂದಿಷ್ಟು ಹೇಳಿದಳು. ಉದಗೀರಿನ ಒಂದು ಮಠದಲ್ಲಿ ಪೂಜೆ ಮಾಡುವ ಸೋಮೇಶ್ವರನಿಗೆ ಕೊಟ್ಟಿದ್ದರು. ಮದುವೆಯಾದ ನಾಲ್ಕನೆಯ ವರ್ಷ ಅವನು ಮೋಟರ್‌ಸೈಕಲ್ಲಿನಿಂದ ಬಿದ್ದ. ಸೊಂಟದ ಕೆಳಗೆ ಜೀವ ಹೋಯಿತು. ಎರಡು ವರ್ಷ ಹಾಸಿಗೆಯಲ್ಲಿದ್ದ. ಈಕೆ ಹೊತ್ತು ಹೊತ್ತಿಗೆ ಉಣಿಸಿದಳು, ಒರೆಸಿದಳು. ಆದರೆ ಆಗಾಗ ಹೊರಳಿಸಿ ಮಲಗಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಬೆನ್ನಿನಲ್ಲಿ ಹುಣ್ಣಾಗಿ ಎಲುಬಿಗೆ ಇಳಿಯಿತು. ಅದರಲ್ಲೇ ಹೋದ.

"ಎರಡು ತಾಸಿಗೊಮ್ಮೆ ಹೊಳ್ಳಸಬೇಕು, ಅಷ್ಟs ಇತ್ತು ಕಾಕು," ಎಂದಳು ಒಂದು ದಿನ. ಹಣಿಗೆ ನನ್ನ ತಲೆಯಲ್ಲೇ ನಿಂತಿತ್ತು. "ಒಬ್ಬರರೆ ಹೇಳಬೇಕಿಲ್ಲ? ಲಾತೂರದಾಗ ಅದು ಎರಡನೇ ದಿನದ ಪಾಠ. ಎರಡನೇ ದಿನದ್ದು! ನಾ ಅಲ್ಲೇ ಕ್ಲಾಸಿನ್ಯಾಗ ಕುಂತು ಅತ್ತೆ. ಎಲ್ಲಾರೂ ನನಗs ನೋಡ್ಲಾಕತ್ರು."

ಅದಕ್ಕೇ ಅವಳಿಗೆ ಆ ಟ್ರೇನಿಂಗಿನ ಮಾತೆಂದರೆ ಮಂತ್ರ. ಗೋಡೆಗೆ ಕಾಗದ ಅಂಟಿಸಿದಳು. ಎಲ್ಲಕ್ಕಿಂತ ಮೇಲಿನ ಸಾಲನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬರೆದಿದ್ದಳು: ಮುಟ್ಟುವ ಮೊದಲು ಕೇಳು. ಮಂಗಲಾ ಮತ್ತು ಉಳಿದ ನಾಲ್ಕು ಜನ ಆಯಾಗಳಿಗೆ ದಿನಾ ಒಂದು ತಾಸು ಪಾಠ. ಮೊದಮೊದಲು ಅವರು ಹಿಂದೆ ನಗುತ್ತಿದ್ದರು. ಆದರೆ ತಿಂಗಳೊಳಗೆ ಮೂರು ಜನರ ಬೆನ್ನಿನ ಹುಣ್ಣು ಮಾಯಿತು. ಗಂಡಸರ ಕಡೆ ಒಬ್ಬರು ಎದ್ದು ಕೂತರು. ನಗೆ ನಿಂತಿತು.

ಸಂಕ್ರಾಂತಿಯಾದ ಮೇಲೆ ಪುಣೆಯಿಂದ ಶೈಲೇಶ ಸರ್ ಬಂದರು. ಲಾತೂರಿನಲ್ಲಿ ಸಾರಿಕಾಳಿಗೆ ಕಲಿಸಿದವರು. ನಾಲ್ಕು ದಿನ ಇದ್ದು ನಮ್ಮ ಆಯಾಗಳಿಗೆ ಕೈಯಾರೆ ಮಾಡಿ ತೋರಿಸಬೇಕು, ಮಾರ್ಚ್ ತಿಂಗಳಲ್ಲಿ ಮತ್ತೆ ಬಂದು ಪರೀಕ್ಷೆ ಮಾಡಬೇಕು. ಪಾಸಾದರೆ ನಮ್ಮ ಆಶ್ರಮಕ್ಕೆ ಪ್ರಮಾಣಪತ್ರ, ಸಾರಿಕಾಳಿಗೆ ಕಾಯಂ ನೌಕರಿ. ತೋರಿಸುವುದಕ್ಕೆ ಒಬ್ಬ ರೋಗಿ ಬೇಕಾಯಿತು. ಸಾರಿಕಾ ನನ್ನ ಹತ್ತಿರ ಬಂದಳು. "ಕಾಕು, ನೀವು ಮಲಗ್ತೀರೇನ್ರಿ? ಬ್ಯಾಡ ಅಂದರ ಬ್ಯಾಡ."

ಹಾಲ್‌ನ ನಡುವೆ ಹಾಕಿದ ಮಂಚದ ಮೇಲೆ ನಾನು ಮಲಗಿದೆ. ಮಂಗಲಾ ಸುಮ್ಮನಿರಬೇಕಲ್ಲ. "ಮೈ ಬಿಡ್ರಿ ಕಾಕು, ಹೆಣ ಆಗ್ರಿ, ಹೆಣ. ನೀವು ಹಿಂಗ ಬಿಗದರ ನಾ ಹ್ಯಾಂಗ ಹೊಳ್ಳಸಲಿ?"

"ಹೆಣ ಆಗೂದ ಕಲಸಲಾಕ ಪುಣ್ಯಾದಲಿಂದ ಸಾಹೇಬ್ರು ಬರಬೇಕಾ? ಅದು ತಾನೇ ಬರ್ತದ," ಎಂದೆ. ಎಲ್ಲರೂ ನಕ್ಕರು. ಶೈಲೇಶ ಸರ್ ಕನ್ನಡ ತಿಳಿಯದೆಯೂ ನಕ್ಕರು.

ಎಬ್ಬಿಸಿ ಕೂಡಿಸುವುದನ್ನು ತೋರಿಸುವಾಗ ಅವರ ಕೈ ನನ್ನ ಕೊರಳ ಕಡೆ ಬಂತು. ಅಲ್ಲಿ ನನ್ನ ಲಿಂಗದ ಕರಡಿಗೆ ಇತ್ತು, ಶಿವದಾರದಲ್ಲಿ ಕಟ್ಟಿದ್ದು. "ಥಾಂಬಾ ಸರ್!" ಎಂದು ಸಾರಿಕಾ ಅಡ್ಡ ಬಂದಳು. ಮರಾಠಿಯಲ್ಲಿ ವಿವರಿಸಿದಳು. ಇದು ಒಡವೆಯಲ್ಲ. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಮೈ ಮೇಲೇ ಇರಬೇಕು. ಇದನ್ನು ಪೂಜಿಸದೆ ಇವರು ನೀರೂ ಕುಡಿಯುವುದಿಲ್ಲ.

ಸರ್ ಕೈ ಹಿಂದೆ ತೆಗೆದುಕೊಂಡರು. ನನಗೆ ಕೈ ಮುಗಿದರು. ಆದರೆ ತಮ್ಮ ಮಾತನ್ನೂ ಹೇಳಿದರು. ಬುದ್ಧಿ ಸರಿ ಇರುವವರ ಕೊರಳಲ್ಲಿ ಏನಿದ್ದರೂ ಚಿಂತೆಯಿಲ್ಲ. ಮರೆವು ಬಂದವರ ಕೊರಳಲ್ಲಿ ದಾರ ಇರಬಾರದು. ಬೇರೆ ಎಲ್ಲೋ ಒಬ್ಬ ಅಜ್ಜಿಯ ಸರ ಮಂಚದ ಕಂಬಿಗೆ ಸಿಕ್ಕಿ ಉಸಿರು ನಿಂತಿತ್ತಂತೆ. "ಅದಕ್ಕೆ ದಾರಿ ನೀನೇ ಹುಡುಕು. ಆದರೆ ಪರೀಕ್ಷೆಗೆ ಬಂದಾಗ ನಾನು ನೋಡುತ್ತೇನೆ" ಎಂದು ಸಾರಿಕಾಳಿಗೆ ಹೇಳಿ ಹೋದರು.

ಆ ಹೊತ್ತಿಗೆ ಸುಮಿತ್ರಾಬಾಯಿಗೆ ಮರೆವು ಬಂದಿತ್ತು. ಉಂಡದ್ದು ನೆನಪಿರುತ್ತಿರಲಿಲ್ಲ. ನನ್ನನ್ನು ಒಮ್ಮೊಮ್ಮೆ ತನ್ನ ನಾದಿನಿ ಎಂದು ಬೈಯುತ್ತಿದ್ದಳು. ಆದರೆ ಮುಂಜಾನೆ ಎದ್ದ ಕೂಡಲೇ ಬೆರಳು ಕೊರಳಿಗೆ ಹೋಗುತ್ತಿತ್ತು. ಆಕೆಯ ಶಿವದಾರದಂಥದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನಾವೆಲ್ಲ ಶಿವರಾತ್ರಿಗೆ ದಾರ ಬದಲಿಸುತ್ತೇವೆ. ಆಕೆ ಬದಲಿಸಿದವಳೇ ಅಲ್ಲ. ಹರಿದಾಗಲೆಲ್ಲ ಗಂಟು ಹಾಕಿಕೊಂಡು ಬಂದಿದ್ದಳು. ಎಣ್ಣೆ, ಬೆವರು, ವಿಭೂತಿ ಹತ್ತಿ ಅದು ತೊಗಲಿನ ಹಾಗಾಗಿತ್ತು. ಏಳು ಗಂಟು. ಮೊದಲನೆಯದು ಅತ್ತೆಮನೆಯ ಬಾವಿಯಲ್ಲಿ ಕೊಡ ಎತ್ತುವಾಗ ಹರಿದದ್ದು. ಎರಡನೆಯದು ಹೆತ್ತ ಮಗಳು ಮೊಲೆ ಕುಡಿಯುತ್ತ ಹಿಡಿದು ಜಗ್ಗಿದ್ದು. ಆ ಕೂಸು ಉಳಿಯಲಿಲ್ಲ. ಮೂರನೆಯದು ಭೂಕಂಪದ ಬೆಳಗ್ಗೆ ಜಂತಿಯ ಕೆಳಗಿನಿಂದ ಎಳೆದು ತೆಗೆಯುವಾಗ. ಆಮೇಲೆ ಐದನೆಯದು, ಆರನೆಯದು, ಏಳನೆಯದು. ನಾಲ್ಕನೆಯದಕ್ಕೆ ಬಂದರೆ ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು, ಬಾಯಿ ಸುಮ್ಮನಾಗುತ್ತಿತ್ತು, ಮುಂದೆ ಹೋಗುತ್ತಿತ್ತು. ಅದರ ವಿಷಯ ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಮರೆವು ಬಂದ ಮೇಲೆ ಕಥೆಗಳು ಹೋದವು. ಎಣಿಕೆ ಉಳಿಯಿತು. ಏಳು ಎಣಿಸಿ, ಕರಡಿಗೆ ತೆರೆದು ಪೂಜೆ ಮಾಡಿ, ಆಮೇಲೆಯೇ ಬಾಯಿ ತೆರೆಯುತ್ತಿದ್ದಳು.

ಶಿವರಾತ್ರಿಗೆ ಒಂದು ವಾರವಿದ್ದಾಗ ಒಂದು ಮುಂಜಾನೆ ಮಂಗಲಾ ಓಡಿ ಹೋಗಿ ಸಾರಿಕಾಳನ್ನು ಕರೆತಂದಳು. ಸುಮಿತ್ರಾಬಾಯಿಯ ದಾರ ಮಂಚದ ಕಂಬಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಕೊರಳಲ್ಲಿ ಕೆಂಪು ಬರೆ ಎದ್ದಿತ್ತು. ಸಾರಿಕಾ ಒಂದೊಂದೇ ಸುತ್ತು ಬಿಡಿಸಿದಳು.

ಆ ದಿನವೇ ಅವಳು ತನ್ನ ತಂದೆಗೆ ಫೋನ್ ಹಚ್ಚಿದಳು. ಲಿಂಗವನ್ನು ಕೊರಳು ಬಿಟ್ಟು ಬೇರೆಡೆ ಕಟ್ಟಬಹುದೇ? ತೋಳಿಗೆ ಕಟ್ಟಬಹುದು, ಶಾಸ್ತ್ರದಲ್ಲಿ ಅದಕ್ಕೆ ಜಾಗ ಇದೆ ಎಂದರು ಶರಣಯ್ಯನವರು. ಅವಳ ಮುಖ ಅರಳಿತು. ತಂದೆಯ ಮಾತೂ ಉಳಿಯಿತು, ಸರ್ ಮಾತೂ ಉಳಿಯಿತು.

ಮಾರನೆಯ ದಿನ ಸ್ನಾನದ ಹೊತ್ತಿಗೆ ಹೊಸ ಬಿಳಿ ದಾರ, ಕತ್ತರಿ ತಂದಳು. ಸುಮಿತ್ರಾಬಾಯಿ ಸ್ಟೂಲಿನ ಮೇಲೆ ಕೂತಿದ್ದಳು. ನಾನು ಎದುರಿಗೆ ಕೂತು ಆಕೆಯ ಎರಡೂ ಕೈ ಹಿಡಿದುಕೊಂಡಿದ್ದೆ, ನೀರು ಬಿದ್ದರೆ ಹೆದರುತ್ತಾಳೆಂದು. ಸಾರಿಕಾ ಕತ್ತರಿ ಕೈಗೆ ತೆಗೆದುಕೊಂಡಳು. ಸುಮಿತ್ರಾಬಾಯಿಯ ಮುಖ ನೋಡಿದಳು. ಆಕೆಯ ನೋಟ ಎಲ್ಲೋ ಗೋಡೆಯ ಮೇಲಿತ್ತು. ಆಮೇಲೆ ಸಾರಿಕಾ ನನ್ನ ಕಡೆ ತಿರುಗಿದಳು.

"ಕಾಕು, ಬಾಳ ಹೊಲಸಾಗ್ಯದ್ರಿ ಇದು. ಶಿವರಾತ್ರಿನೂ ಬಂತು. ಕತ್ತರಸಲೇನ್ರಿ?"

ನನ್ನನ್ನು ಕೇಳಿದಳು. ನಾನು ಹಿರಿಯಳು, ಜೊತೆಗಿರುವವಳು, ಲಿಂಗ ಕಟ್ಟಿಕೊಂಡವಳು. ನನಗೆ ಏಳು ಗಂಟೂ ಗೊತ್ತಿತ್ತು. ಆದರೆ ಕೇಳುತ್ತಿರುವವಳು ಶರಣಯ್ಯನವರ ಮಗಳು. ಲಿಂಗದ ವಿಷಯ ಜಂಗಮರ ಮಗಳಿಗೆ ನಾನು ಏನು ಹೇಳುವುದು? ಅವಳೇ ಕೇಳುತ್ತಾಳೆಂದರೆ ಅದು ಸರಿಯೇ ಇರಬೇಕು ಎಂದುಕೊಂಡೆ. ಅವಳು ನನ್ನ ವಯಸ್ಸನ್ನು ನಂಬಿದಳು, ನಾನು ಅವಳ ಮನೆತನವನ್ನು ನಂಬಿದೆ.

"ಕತ್ತರಸವ್ವ," ಎಂದೆ.

ಕತ್ತರಿ ಆಡಿತು. ನನ್ನ ಕೈಯೊಳಗೆ ಸುಮಿತ್ರಾಬಾಯಿಯ ಬೆರಳು ಒಮ್ಮೆ ಜಗ್ಗಿದವು. ನಾನು ಬಿಗಿ ಹಿಡಿದೆ.

ಕರಡಿಗೆಯನ್ನು ಸಾರಿಕಾ ಒಂದು ಕ್ಷಣವೂ ಕೆಳಗಿಡಲಿಲ್ಲ. ತನ್ನ ಕೈಯಿಂದ ನೇರ ಆಕೆಯ ಎಡತೋಳಿಗೆ ಕಟ್ಟಿದಳು. ಹಳೆಯ ದಾರ ಹಳದಿ ಚೀಲಕ್ಕೆ ಹೋಯಿತು. ಹೊಲಸಾದ ಹತ್ತಿ, ಪಟ್ಟಿ, ಎಲ್ಲವೂ ಹೋಗುವ ಚೀಲ. ಸಂಜೆಯೊಳಗೆ ಅದನ್ನು ಸುಡುವ ಗಾಡಿ ಒಯ್ದಿತು.

ಆ ಮಧ್ಯಾಹ್ನ ಸುಮಿತ್ರಾಬಾಯಿ ಉಣ್ಣಲಿಲ್ಲ. ಬೆರಳು ಕೊರಳಲ್ಲಿ ಹುಡುಕಿತು. ಎದೆಯ ಮೇಲೆ, ಸೆರಗಿನೊಳಗೆ, ತಲೆದಿಂಬಿನ ಕೆಳಗೆ ಹುಡುಕಿತು. ಸಾರಿಕಾ ತೋಳಿನ ಕರಡಿಗೆ ತೋರಿಸಿದಳು. "ಇಲ್ಲೇ ಅದ ನೋಡ್ರಿ ಆಯಿ, ನಿಮ್ಮ ಲಿಂಗ."

ಸುಮಿತ್ರಾಬಾಯಿ ಬಿಳಿ ದಾರ ಮುಟ್ಟಿ ನೋಡಿದಳು. "ಇದು ಯಾರದೋ ಅದ," ಎಂದಳು. "ನಂದಲ್ಲ. ಯಾರದ ಅದ ಅವರಿಗಿ ಕೊಟ್ಟುಬಿಡ್ರಿ, ಪಾಪ, ಉಪಾಸ ಇದ್ದಿರತಾರ."

ಅಲ್ಲಿಂದ ಬಾಯಿ ಮುಚ್ಚಿದಳು.

ಮೊದಲನೆಯ ದಿನ ನಾವು ಅಷ್ಟು ಹೆದರಲಿಲ್ಲ. ಎರಡನೆಯ ದಿನ ಸಾರಿಕಾ ತಾನು ಕಲಿತದ್ದನ್ನೆಲ್ಲ ಮಾಡಿದಳು. ನೆಟ್ಟಗೆ ಕೂಡಿಸಿದಳು. ಸಣ್ಣ ಚಮಚ ತಂದಳು. ತುಟಿಗೆ ಜೇನು ಸವರಿದಳು. ಎದುರಿಗೆ ಕೂತು ತಾನೇ ಉಂಡು ತೋರಿಸಿದಳು. ಸಜ್ಜಕ, ಅಂಬಲಿ, ಹುಗ್ಗಿ ಮಾಡಿಸಿದಳು. ಸುಮಿತ್ರಾಬಾಯಿ ಮುಖ ತಿರುಗಿಸಲಿಲ್ಲ, ಸಿಟ್ಟು ಮಾಡಲಿಲ್ಲ. ತುಟಿ ಮಾತ್ರ ತೆರೆಯಲಿಲ್ಲ. ಮೂರನೆಯ ದಿನ ನಾನು ಸಾರಿಕಾಳಿಗೆ ಗಂಟುಗಳ ವಿಷಯ ಹೇಳಿದೆ. ಮೂರು ದಿನ ಯಾಕೆ ತಡೆದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಗೋಡೆಗೆ ಆನಿಕೊಂಡು ಕೆಳಗೆ ಕೂತಳು.

"ಏಳು ಗಂಟs?"

"ಏಳು."

"ನಾ ಹಳದಿ ಚೀಲದಾಗ ಹಾಕಿದ್ನಲ್ರಿ ಕಾಕು."

ಆ ಗಳಿಗೆಯೇ ಎದ್ದು, ಗಾಡಿಯವನಿಗೆ ಫೋನ್ ಹಚ್ಚಿದಳು. ಆಟೋ ಹಿಡಿದು ಸುಡುವ ಜಾಗಕ್ಕೇ ಹೋದಳು. ಸಂಜೆ ಬಂದಾಗ ಕೈ ಮೊಣಕೈವರೆಗೆ ಕಪ್ಪಾಗಿತ್ತು. ಬೂದಿ ಕೆದರಿ ಬಂದಿದ್ದಳು. ಏನೂ ಸಿಕ್ಕಿರಲಿಲ್ಲ.

ನಾಲ್ಕನೆಯ ದಿನ ಉಮರ್ಗಾದ ದವಾಖಾನೆಗೆ ಒಯ್ದರು. ಸಲಾಯಿನ್ ಹಚ್ಚಿದರು. ಮೂಗಿನಿಂದ ನಳಿಕೆ ಹಾಕಿದರು. ಸುಮಿತ್ರಾಬಾಯಿ ಎರಡು ಸಲ ಕಿತ್ತು ಹಾಕಿದಳು. ಕೈ ಕಟ್ಟಿ ಹಾಕಿದರೆ ಮಾತ್ರ ಆಗುತ್ತದೆ ಎಂದರು ಡಾಕ್ಟರು. ಆಕೆಗೆ ಇದ್ದ ಒಬ್ಬ ಸಂಬಂಧಿ ನಿಲಂಗಾದ ಅಣ್ಣನ ಮಗ ಸಿದ್ಧೇಶ್ವರ. ಅವನು ಬಂದು ನೋಡಿದ. "ಕೈ ಕಟ್ಟಬ್ಯಾಡ್ರಿ. ನಮ್ಮ ಅತ್ತಿ ಜೀವಮಾನದಾಗ ಯಾರ ಕೈಗೂ ಸಿಕ್ಕಾಕಿ ಅಲ್ಲ. ಆಶ್ರಮಕ್ಕs ಒಯ್ರಿ," ಎಂದು ಸಹಿ ಹಾಕಿದ. ಸಾರಿಕಾಳ ಮೇಲೆ ಅವನು ಒಂದು ಮಾತೂ ಎತ್ತಲಿಲ್ಲ. ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತ.

ಆರನೆಯ ದಿನ ಶಿವರಾತ್ರಿ. ಶರಣಯ್ಯನವರು ತುರೋರಿಯಿಂದ ಬಂದರು. ಮಗಳ ಮುಖ ನೋಡಿ ಜೋಳಿಗೆ ಕೆಳಗಿಟ್ಟರು. ಸುಮಿತ್ರಾಬಾಯಿಯ ಮಂಚದ ಹತ್ತಿರ ಕೂತು ಕರಡಿಗೆ ತೆರೆದು, ಲಿಂಗವನ್ನು ಆಕೆಯ ಅಂಗೈಯಲ್ಲಿಟ್ಟು ಪೂಜೆ ಮಾಡಿಸಿದರು. ತಮ್ಮ ಪಾದ ತೊಳೆದ ನೀರನ್ನು ಬಟ್ಟಲಲ್ಲಿ ಹಿಡಿದರು. "ತಗೋ ತಾಯಿ, ಪಾದೋದಕ."

ಸುಮಿತ್ರಾಬಾಯಿ ಬಾಯಿ ತೆರೆದಳು. ಎರಡು ಗುಟುಕು ಕುಡಿದಳು.

ಮಂಗಲಾ ಬಾಯಿಗೆ ಕೈ ಮುಚ್ಚಿಕೊಂಡು ಅತ್ತಳು. ಸಾರಿಕಾ ಅಡುಗೆಮನೆಗೆ ಓಡಿ ಅಂಬಲಿ ತಂದಳು, ಅರ್ಧ ದಾರಿಯಲ್ಲೇ ಚೆಲ್ಲಿಕೊಂಡಿದ್ದಳು. ಚಮಚ ತುಟಿಗೆ ಹಿಡಿದಳು. ತುಟಿ ಮತ್ತೆ ಮುಚ್ಚಿತು. ಜಂಗಮರ ನೀರನ್ನು ಒಲ್ಲೆ ಎನ್ನುವ ಹಾಗಿಲ್ಲ ಎಂದು ಕುಡಿದಿದ್ದಳು, ಅಷ್ಟೇ. ಉಣ್ಣುವುದು ಬೇರೆ ಮಾತಾಗಿತ್ತು.

ಹೊರಡುವಾಗ ಶರಣಯ್ಯನವರು ಮಗಳ ತಲೆಯ ಮೇಲೆ ಕೈ ಇಟ್ಟರು. "ಲಿಂಗ ಎಲ್ಲಿ ಕಟ್ಟಬೇಕಂತ ನೀ ಕೇಳ್ದಿ, ನಾ ಹೇಳ್ದೆ. ಆಕಿಗಿ ಕೇಳ್ದಿಯೇನು ಅಂತ ನಾ ಕೇಳಬೇಕಿತ್ತು. ನಾನೂ ಮರ್ತೆ, ಮಗಳ."

ಎಂಟನೆಯ ದಿನ ನನಗೊಂದು ವಿಚಾರ ಬಂತು. ಸಾರಿಕಾಳನ್ನು ಕರೆದೆ. ಹಸಿ ಹತ್ತಿ ದಾರ ತರಿಸಿದೆವು. ಹರಳೆಣ್ಣೆ ಹಚ್ಚಿ ಒಲೆಯ ಕಾಡಿಗೆಯಲ್ಲಿ ತಿಕ್ಕಿದೆವು. ವಿಭೂತಿ ಸವರಿದೆವು. ಸಾರಿಕಾ ಅದನ್ನು ತನ್ನ ಕೊರಳಿಗೆ ಕಟ್ಟಿಕೊಂಡು ಇಡೀ ದಿನ ಬಿಸಿಲಲ್ಲಿ ಕೆಲಸ ಮಾಡಿದಳು, ಬೆವರು ಹಿಡಿಯಲಿ ಎಂದು. ಮಂಗಲಾ ನೋಡಿ, "ಹುಚ್ಚ ಹಿಡದಾದೇನ್ರಿ ನಿಮ್ಮಿಬ್ಬರಿಗೂ?" ಎಂದವಳು, ಆಮೇಲೆ ತಾನೇ ಅದನ್ನು ಕಲ್ಲಿಗೆ ಹಚ್ಚಿ ತಿಕ್ಕಿ ನಯ ಮಾಡಿಕೊಟ್ಟಳು. ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡು ಗಂಟು ಹಾಕಿದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ನಾಲ್ಕು ಬೆರಳು. ಮೂರನೆಯದು ಹತ್ತಿರ, ಗಟ್ಟಿ. ನಾಲ್ಕನೆಯದನ್ನು ನಾನು ಎಂದೂ ಮುಟ್ಟಿ ನೋಡಿರಲಿಲ್ಲ. ಉಳಿದವುಗಳ ಹಾಗೆಯೇ ಹಾಕಿದೆ.

ಒಂಬತ್ತನೆಯ ದಿನ ಮುಂಜಾನೆ ಕರಡಿಗೆಯನ್ನು ಆ ದಾರಕ್ಕೆ ಪೋಣಿಸಿ ಸುಮಿತ್ರಾಬಾಯಿಯ ಕೊರಳಿಗೆ ಹಾಕಿದೆವು. ಪರೀಕ್ಷೆ, ನಿಯಮ, ಎಲ್ಲವನ್ನೂ ಸಾರಿಕಾ ಆ ಹೊತ್ತಿಗೆ ಬಿಟ್ಟಾಗಿತ್ತು. ಆಕೆಯ ಕೈ ಎತ್ತುವ ಶಕ್ತಿಯೂ ಇರಲಿಲ್ಲ, ನಾನೇ ಎತ್ತಿ ದಾರದ ಮೇಲಿಟ್ಟೆ.

ಬೆರಳು ಸರಿದವು. ಒಂದು. ಸಾರಿಕಾ ನನ್ನ ಭುಜ ಹಿಡಿದುಕೊಂಡಳು. ಎರಡು. ಸುಮಿತ್ರಾಬಾಯಿಯ ಹುಬ್ಬು ಸಡಿಲವಾಯಿತು. ತುಟಿ ಅಲುಗಿದವು, ಎಣಿಸುತ್ತಿದ್ದಳು. ಮೂರು. ಮಂಗಲಾ ಬಟ್ಟಲು ಹಿಡಿದು ತುದಿಗಾಲಲ್ಲಿ ನಿಂತಿದ್ದಳು. ಬೆರಳು ನಾಲ್ಕಕ್ಕೆ ಬಂದವು, ನಿಂತವು. ಆ ಗಂಟನ್ನು ತಿರುವಿ ತಿರುವಿ ನೋಡಿದವು. ಬಹಳ ಹೊತ್ತು.

ಆಮೇಲೆ ಕೈ ಎದೆಯಿಂದ ಜಾರಿ ಹಾಸಿಗೆಯ ಮೇಲೆ ಬಿತ್ತು.

"ಯಾರದೋ ಅದ," ಎಂದಳು ಮೆಲ್ಲಗೆ. ಆಕೆ ಆಡಿದ ಕೊನೆಯ ಮಾತು ಅದೇ.

ಹನ್ನೆರಡನೆಯ ದಿನ, ಹನ್ನೊಂದು ಗಂಟೆಯ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಿದ್ದಿದ್ದಾಗ ಸುಮಿತ್ರಾಬಾಯಿಯ ಉಸಿರು ನಿಂತಿತು. ಸಾರಿಕಾ ಆಕೆಯನ್ನು ಎರಡು ತಾಸಿಗೊಮ್ಮೆ ಹೊರಳಿಸುವುದನ್ನು ಕೊನೆಯವರೆಗೂ ಬಿಟ್ಟಿರಲಿಲ್ಲ. ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ. ಮೈ ತೊಳೆದ ಹೆಂಗಸರೆಲ್ಲ ಅದನ್ನೇ ಹೇಳಿದರು. ಸಾರಿಕಾ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಪದ್ಧತಿಯಂತೆ ಕೂಡಿಸಿ ಮಣ್ಣು ಕೊಡುವಾಗ ಶರಣಯ್ಯನವರು ಲಿಂಗವನ್ನು ಎಡ ಅಂಗೈಯಲ್ಲಿಟ್ಟರು. ಬಿಳಿಯ ದಾರವನ್ನೂ ಹಾಕಲಿಲ್ಲ, ನಾವು ಮಾಡಿದ ಕರಿಯ ದಾರವನ್ನೂ ಹಾಕಲಿಲ್ಲ. ಬರಿಯ ಲಿಂಗ.

ಮಣ್ಣು ಕೊಟ್ಟ ಮೂರನೆಯ ದಿನ ಟ್ರಸ್ಟಿನ ಗುರುನಾಥ ಸಾಹೇಬರು ಬಂದು ಸಾರಿಕಾಳನ್ನು ರಜಿಸ್ಟರ್ ಕೇಳಿದರು. ನಾನು ಆಫೀಸಿನ ಹೊರಗೆ ಬಾಕಿನ ಮೇಲೆ ಕೂತಿದ್ದೆ, ಮಾತೆಲ್ಲ ಕೇಳಿಸಿತು.

"ವಯಸ್ಸು ಎಂಬತ್ತೆರಡು. ಮುಪ್ಪು, ಅಶಕ್ತತಾ. ಇಷ್ಟ ಬರೀರಿ. ಖೋಟಾ ಏನಿಲ್ಲಲ್ಲ ಇದರಾಗ?"

"ನಾ ಬರದೀನ್ರಿ ಆಗಳೇ."

ಪುಟ ತಿರುವಿದ ಸದ್ದು.

"ಇದೇನು ಬರದೀರಿ ಬಾಯಿ? 'ನಾನು ಅವರನ್ನು ಕೇಳದೆ ಅವರ ಶಿವದಾರ ಕತ್ತರಿಸಿದೆ. ಅಂದಿನಿಂದ ಅವರು ಉಣ್ಣಲಿಲ್ಲ.' ಪರೀಕ್ಷಾಕ್ಕ ಹದಿನೈದು ದಿನ ಉಳದಾವ. ಇದು ಹರೀರಿ, ಬ್ಯಾರೆ ಹಾಳಿ ಹಚ್ರಿ."

"ಆಗಲ್ರಿ ಸಾಹೇಬ್ರ. ರಜಿಸ್ಟರದಾಗ ಖರೇನೇ ಬರೀಬೇಕಂತ ಕಲ್ತೀನಿ. ಮಂಗಲಾಗೂ ಹಂಗs ಕಲಸೀನಿ."

"ನಿಮ್ಮ ನೌಕರಿ ಹೋಗ್ತದ."

"ಹೌದ್ರಿ."

ನಾನು ಎದ್ದು ಒಳಗೆ ಹೋದೆ. ಕದ ಬಡಿಯುವುದು ನೆನಪಾಗಲಿಲ್ಲ. "ಆಕಿ ನನಗ ಕೇಳಿದ್ಲು ಸಾಹೇಬ್ರ. ಕತ್ತರಸು ಅಂದಾಕಿ ನಾ. ಅದೂ ಬರೀರಿ," ಎಂದೆ.

"ನೀವು ಸುಮ್ಮನಿರ್ರಿ ಕಾಕು," ಎಂದಳು ಸಾರಿಕಾ. ಅವಳು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. "ನಿಮಗ ಕೇಳಿದ್ದೇ ನನ್ನ ತಪ್ಪು. ದಾರ ನಿಮ್ಮ ಕೊರಳಾಗ ಇತ್ತೇನು?"

ಅವಳ ನೌಕರಿ ಹೋಯಿತು. ಟ್ರೇನಿಂಗಿನ ಪ್ರಮಾಣಪತ್ರವನ್ನು ಲಾತೂರಿನವರು ವಿಚಾರಣೆ ಮುಗಿಯುವ ತನಕ ತಡೆಹಿಡಿದರು. ಶೈಲೇಶ ಸರ್ ಫೋನ್ ಮಾಡಿದರು. ತಪ್ಪು ನನ್ನದು, ನಾನೇ ಒತ್ತಾಯ ಮಾಡಿದೆ, ನಿನ್ನ ಪರವಾಗಿ ಬರೆಯುತ್ತೇನೆ ಎಂದರಂತೆ. ಸಾರಿಕಾ ಮರಾಠಿಯಲ್ಲಿ ಹೇಳಿದ್ದನ್ನು ನಾನು ಕೇಳಿದೆ. ಮೊದಲನೆಯ ಪಾಠ ಮುಟ್ಟುವ ಮೊದಲು ಕೇಳು ಎನ್ನುವುದು, ಸರ್. ಕೊರಳ ದಾರ ಎಷ್ಟನೆಯ ಪಾಠವೋ ನನಗೆ ನೆನಪಿಲ್ಲ.

ಅವಳು ಹೊರಟ ದಿನ ಉದಗೀರಿನ ಎಸ್ಟಿ ಬಸ್ಸು ಹನ್ನೆರಡಕ್ಕಿತ್ತು. ಅಲ್ಲಿಯ ಒಂದು ದವಾಖಾನೆಯಲ್ಲಿ ಕೆಲಸ ಸಿಕ್ಕಿತ್ತು, ನೆಲ ಒರೆಸುವುದು. ರೋಗಿಗಳನ್ನು ಮುಟ್ಟುವ ಕೆಲಸ ಬೇಡ ಎಂದು ತಾನೇ ಕೇಳಿಕೊಂಡಿದ್ದಳಂತೆ. ಆ ದೊಡ್ಡ ಅಂಗೈಗಳು ಎಷ್ಟು ಬೆನ್ನುಗಳನ್ನು ಉಳಿಸಿದ್ದವು.

ನನ್ನ ಖೋಲಿಗೆ ಬಂದಳು. ತೆರೆದ ಕದ ಬಡಿದಳು. ನಾನು ತಲೆ ಆಡಿಸಿದೆ. ಸುಮಿತ್ರಾಬಾಯಿಯ ಮಂಚದ ಹಾಸಿಗೆ ಸುತ್ತಿಟ್ಟಿದ್ದರು. ಅವಳು ಅದರ ಮೇಲೆ ಕೂಡಲಿಲ್ಲ. ನೆಲದ ಮೇಲೆ, ನನ್ನ ಕಾಲ ಹತ್ತಿರ ಕೂತಳು. ಜಂಗಮರ ಮಗಳು ಹಾಗೆ ಕೂಡಬಾರದು. ನಾನೂ ಇಳಿದು ನೆಲದ ಮೇಲೆ ಕೂತೆ.

"ಹೊಸಾ ಬಾಯಿ ಬರ್ತಾಳಂತ್ರಿ ಕಾಕು. ಹೊಸಾ ಬ್ಯಾಚಿಗಿ ಟ್ರೇನಿಂಗ್ ಆಗ್ತದ ಮತ್ತ. ಮಂಚದ ಮ್ಯಾಲ ಮಲಗಲಾಕ ಯಾರರೆ ಬೇಕಾಗ್ತದ."

"ನಾ ಒಲ್ಲೆವ್ವ," ಎಂದೆ. "ಇನ್ನ ಆ ಮಂಚ ನಾ ಹತ್ತಂಗಿಲ್ಲ."

ಅವಳು ನನ್ನ ಎರಡೂ ಕೈ ಹಿಡಿದಳು, ಆವತ್ತು ನಾನು ಸುಮಿತ್ರಾಬಾಯಿಯ ಕೈ ಹಿಡಿದ ಹಾಗೆಯೇ.

"ನೀವs ಮಲಗ್ರಿ, ಕಾಕು. ಮೈ ಬಿಟ್ಟು ಮಲಗ್ರಿ, ಏನೂ ತಿಳೀದವರಂಗ. ಅವರು ನಿಮ್ಮ ದಾರಕ್ಕ ಕೈ ಹಾಕ್ತಾರ. ನಿಮಗ ಕೇಳದs, ಬಾಜೂಕ ನಿಂತವರ ಮಾರಿ ನೋಡಿ ಕೇಳಿದರು ಅಂದರ, ಆ ಕೈ ಗಪ್ಪನ ಹಿಡೀರಿ. ಯಾರದೇ ಕೈ ಇರಲಿ, ಅಯ್ನೋರ ಮಗಳದೇ ಇರಲಿ. ಬಿಡಬ್ಯಾಡ್ರಿ."